ಮನಸ್ಸೇ ಬರದಿದ್ದಾಗ

(ನಮ್ಮ ತಾಲ್ಲೂಕಿನ ಗ್ರಂಥಾಲಯದಲ್ಲಿ ಓದುಗರ ಬಳಗದವರು ಏರ್ಪಡಿಸಿದ್ದ ಉಪನ್ಯಾಸದ ಬರಹ ರೂಪ. ಅವಸರದಲ್ಲಿ ಬಿಟ್ಟುಹೋಗಿದ್ದ ಒಂದೆರಡು ವಿಷಯ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ನೋಟ್‌ಬುಕ್ಕಿನ ಕತೆಯಿಂದ ಶುರು ಮಾಡುತ್ತೇನೆ. 200 ಪುಟದ, ಗೆರೆ ಹಾಕಿದ, ಮಕ್ಕಳು ಶಾಲೆಗೆ ಒಯ್ಯುವಂಥ ನೋಟ್‌ಬುಕ್. ಒಬ್ಬರು ಅದನ್ನು ಸೆರಗಿನ ಮರೆಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದರು. ನಾನು ಆಪ್ತಸಮಾಲೋಚಕಿ, ಅಂದರೆ ಕೌನ್ಸೆಲಿಂಗ್ ಮಾಡುವವಳು. ಅವರಿಗೆ ಮೂವತ್ತೆಂಟು ವರ್ಷ ಇರಬಹುದು. ಇಬ್ಬರು ಮಕ್ಕಳು, ಮನೆಯಲ್ಲಿ ಅತ್ತೆ, ಗಂಡನಿಗೆ ಅಂಗಡಿ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಹೇಳುವುದಕ್ಕೆ ಅವರ ಒಪ್ಪಿಗೆಯೂ ಇದೆ.

ಆರು ತಿಂಗಳಿಂದ ಅವರಿಗೆ ನಿದ್ದೆ ಸರಿ ಇರಲಿಲ್ಲ. ಬೆಳಗಿನ ಜಾವ ಮೂರಕ್ಕೇ ಎಚ್ಚರ. ಆಮೇಲೆ ಫ್ಯಾನ್ ನೋಡುತ್ತಾ ಮಲಗಿರುವುದು. ಊಟ ಸೇರುತ್ತಿರಲಿಲ್ಲ. ಯಾರೋ ಪರಿಚಯದವರು ಒಂದು ಶಿಬಿರಕ್ಕೆ ಕರೆದುಕೊಂಡು ಹೋದರಂತೆ. ಅಲ್ಲಿ ಹೇಳಿಕೊಟ್ಟಿದ್ದು ಇದು: ದಿನಾ ಬೆಳಿಗ್ಗೆ ಎದ್ದು ‘ನಾನು ಸಂತೋಷವಾಗಿದ್ದೇನೆ, ನನ್ನ ಜೀವನ ಸುಂದರವಾಗಿದೆ’ ಅಂತ 21 ಸಲ ಬರೆಯಿರಿ, 40 ದಿನದಲ್ಲಿ ಎಲ್ಲ ಸರಿಹೋಗುತ್ತದೆ.

ರಾಮಕೋಟಿ ಬರೆಯುವ ಹಾಗೆ ಶ್ರದ್ಧೆಯಿಂದ ಬರೆದಿದ್ದರು. ಮೊದಲ ಪುಟಗಳಲ್ಲಿ ಅಕ್ಷರ ದುಂಡಗಿತ್ತು. ಹತ್ತನೇ ದಿನಕ್ಕೆ ಗೆರೆ ಬಿಟ್ಟು ಕೆಳಗಿಳಿದಿತ್ತು. ಹದಿನೇಳನೇ ದಿನ ‘ನಾನು ಸಂತೋ’ ಅನ್ನುವಲ್ಲಿಗೆ ನಿಂತುಹೋಗಿತ್ತು. ಆಮೇಲಿನ ಪುಟಗಳೆಲ್ಲ ಖಾಲಿ.

‘ನೋಡಿ ಮೇಡಂ, ಇಷ್ಟು ಸುಲಭದ ಕೆಲಸ. ಇದೂ ನನ್ನ ಕೈಲಿ ಆಗ್ಲಿಲ್ಲ. ಅಲ್ಲಿ ಬಂದೋರಿಗೆಲ್ಲ ಸರಿ ಹೋಯ್ತಂತೆ. ನನ್ನಲ್ಲೇ ಏನೋ ಐಬಿದೆ’ ಅಂದರು.

ಅವರು ಶಿಬಿರಕ್ಕೆ ಹೋಗುವಾಗ ಕಾಯಿಲೆ ಒಂದೇ ಇತ್ತು. ಬರುವಾಗ ತಪ್ಪಿತಸ್ಥಳು ಅನ್ನುವ ಭಾವನೆಯನ್ನೂ ಹೊತ್ತುಕೊಂಡು ಬಂದಿದ್ದರು. ನನಗೆ ಇವತ್ತಿಗೂ ಸಂಕಟ ಆಗುವುದು ಅದಕ್ಕೇ.

ಸಂಘಟಕರು ನನಗೆ ಕೊಟ್ಟಿರುವ ಪ್ರಶ್ನೆ: ಪಾಸಿಟಿವ್ ಥಿಂಕಿಂಗ್‌ನಿಂದ ಖಿನ್ನತೆ ಇರುವವರಿಗೆ ಸಹಾಯ ಆಗುತ್ತದಾ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಖಿನ್ನತೆಯಲ್ಲಿ ಮುಳುಗಿರುವವರಿಗೆ ‘ಪಾಸಿಟಿವ್ ಆಗಿ ಯೋಚಿಸು’ ಅನ್ನುವ ಬುದ್ಧಿಮಾತಿನಿಂದ ಸಹಾಯ ಆಗುವುದಿಲ್ಲ. ಎಷ್ಟೋ ಸಲ ನೋವು ಜಾಸ್ತಿಯಾಗುತ್ತದೆ. ಹಾಗಂತ ಯೋಚನೆಗೂ ಈ ಕಾಯಿಲೆಗೂ ಸಂಬಂಧವೇ ಇಲ್ಲ ಅಂತಲ್ಲ. ಸಂಬಂಧ ಇದೆ, ಆದರೆ ಯೋಚನೆಯನ್ನು ಹಿಡಿಯಬೇಕಾದ ರೀತಿ ಬೇರೆ. ಅದನ್ನು ಹೇಳುವುದಕ್ಕೇ ಬಂದಿದ್ದೇನೆ.

ನಾವು ಬೇಜಾರು ಅನ್ನುವ ಪದವನ್ನು ಎಲ್ಲದಕ್ಕೂ ಬಳಸುತ್ತೇವೆ. ಮಳೆ ಬಂದು ಜಾತ್ರೆಗೆ ಹೋಗಲಿಕ್ಕಾಗದಿದ್ದರೂ ಬೇಜಾರು, ಮನೆಯಲ್ಲಿ ಸಾವಾದರೂ ಬೇಜಾರು. ಖಿನ್ನತೆ ಇವೆರಡರಿಂದಲೂ ಬೇರೆ. ಎರಡು ವಾರ ಅಥವಾ ಅದಕ್ಕಿಂತ ಜಾಸ್ತಿ, ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿರುತ್ತದೆ, ಇಲ್ಲವೇ ಯಾವುದರಲ್ಲೂ ರುಚಿ ಇರುವುದಿಲ್ಲ. ಅದರ ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ ಕೆಡುತ್ತವೆ. ಮೈ ನಿತ್ರಾಣ ಆಗುತ್ತದೆ. ನಾನು ಯಾತಕ್ಕೂ ಬಾರದವಳು ಅನ್ನಿಸುತ್ತದೆ. ಕೆಲವರಿಗೆ ಬದುಕೇ ಬೇಡ ಅನ್ನಿಸುತ್ತದೆ. ನಮ್ಮ ಕಡೆ ಬಹಳ ಜನ ಮನಸ್ಸಿನ ಮಾತೇ ಎತ್ತುವುದಿಲ್ಲ. ತಲೆ ಭಾರ, ಎದೆ ಭಾರ, ಮೈಕೈ ನೋವು, ಸುಸ್ತು ಅಂತ ಬರುತ್ತಾರೆ. ಟಾನಿಕ್ ಬರೆಸಿಕೊಂಡು ಹೋಗುತ್ತಾರೆ.

ಮನಸ್ಸಿದ್ದರೆ ಮಾರ್ಗ ಅಂತ ಗಾದೆ ಇದೆಯಲ್ಲ. ನಿಜವೇ. ಆದರೆ ಖಿನ್ನತೆ ಇರುವವರು ಬಂದು ನನ್ನ ಹತ್ತಿರ ಹೇಳುವ ಮೊದಲ ಮಾತು ಯಾವುದು ಗೊತ್ತಾ? ‘ಯಾವುದಕ್ಕೂ ಮನಸ್ಸೇ ಬರ್ತಿಲ್ಲ.’ ಸ್ನಾನಕ್ಕೆ ಮನಸ್ಸು ಬರ್ತಿಲ್ಲ, ಫೋನ್ ಎತ್ತೋಕೆ ಮನಸ್ಸು ಬರ್ತಿಲ್ಲ. ಮಾರ್ಗ ಹುಡುಕಬೇಕಾದ ಮನಸ್ಸಿಗೇ ಹುಷಾರಿಲ್ಲ. ಅಂಥವರಿಗೆ ಮನಸ್ಸು ಗಟ್ಟಿ ಮಾಡ್ಕೋ ಅನ್ನುವುದು, ಕಾಲು ಮುರಿದವರಿಗೆ ಎದ್ದು ಓಡಾಡಿದರೆ ಕಾಲು ಸರಿಹೋಗುತ್ತೆ ಅಂದ ಹಾಗೆ.

ಈ ಮಾತನ್ನು ನಾನೂ ಹೇಳಿದ್ದೇನೆ. ಅದೂ ನನ್ನ ಅಪ್ಪನಿಗೆ. ಆಗ ನಾನಿನ್ನೂ ಓದುತ್ತಿದ್ದೆ. ಅಪ್ಪ ನಿವೃತ್ತರಾಗಿ ಒಂದು ವರ್ಷ ಆಗಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ತೋಟಕ್ಕೆ ಹೋಗಿಬರುತ್ತಿದ್ದ ಮನುಷ್ಯ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತವರು ಏಳುತ್ತಿರಲಿಲ್ಲ. ಅಮ್ಮ ಕಾಫಿ ಇಟ್ಟು ಹೋಗುವರು. ಅರ್ಧ ಗಂಟೆ ಬಿಟ್ಟು ನೋಡಿದರೆ ಲೋಟ ಹಾಗೇ ಇರುತ್ತಿತ್ತು. ಮೇಲೆ ಕೆನೆ ಕಟ್ಟಿ ಸುಕ್ಕುಗಟ್ಟಿರುತ್ತಿತ್ತು. ಒಬ್ಬ ವೈದ್ಯರು ಎಂಟು ತಿಂಗಳು ಗ್ಯಾಸ್ಟ್ರಿಕ್‌ಗೆ ಔಷಧಿ ಕೊಟ್ಟರು. ನಾವು ಮಕ್ಕಳು ಸುತ್ತ ಕೂತು ‘ನಿಮಗೇನಪ್ಪ ಕಮ್ಮಿಯಾಗಿದೆ, ಪೆನ್ಷನ್ ಬರುತ್ತೆ, ಮಕ್ಕಳು ದಾರಿಗೆ ಬಂದಿದ್ದೇವೆ, ಒಳ್ಳೇದು ಯೋಚನೆ ಮಾಡಿ’ ಅನ್ನುತ್ತಿದ್ದೆವು.

ಸ್ವಲ್ಪ ದಿನ ಕಳೆದ ಮೇಲೆ ಅಪ್ಪ ‘ಈಗ ಪರವಾಗಿಲ್ಲ, ಚೆನ್ನಾಗಿದ್ದೇನೆ’ ಅನ್ನಲು ಶುರು ಮಾಡಿದರು. ನಮಗೆಲ್ಲ ಸಮಾಧಾನ. ಕಾಫಿ ಮಾತ್ರ ಆರುತ್ತಲೇ ಇತ್ತು. ಬಹಳ ವರ್ಷದ ನಂತರ, ಚಿಕಿತ್ಸೆ ಆಗಿ ಗುಣವಾದ ಮೇಲೆ, ನಾನು ಕೇಳಿದೆ: ‘ಆವಾಗ ಯಾಕಪ್ಪ ಹಾಗಂದ್ರಿ?’ ಅದಕ್ಕೆ ಅವರು, ‘ನೀವೆಲ್ಲ ಅಷ್ಟು ಹೇಳ್ತಿದ್ರಿ. ಇನ್ನೂ ಸರಿ ಹೋಗಿಲ್ಲ ಅನ್ನೋಕೆ ನಾಚಿಕೆ ಆಯ್ತು ಕಣಮ್ಮ’ ಅಂದರು. ಅಪ್ಪನಿಗೆ ಪಾಸಿಟಿವ್ ಆಗಿರುವುದನ್ನು ಕಲಿಸುತ್ತಿದ್ದೇವೆ ಅಂದುಕೊಂಡಿದ್ದೆವು. ಅವರು ಕಲಿತದ್ದು ಬಾಯಿ ಮುಚ್ಚಿಕೊಂಡಿರುವುದನ್ನು.

ಈಗ ಸ್ವಲ್ಪ ಸಂಶೋಧನೆಯ ವಿಷಯಕ್ಕೆ ಬರೋಣ. ಒಳ್ಳೆಯ ವಾಕ್ಯ ಹೇಳಿಕೊಂಡು ಗುಣವಾಗುವ ಈ ಪದ್ಧತಿ ಹೊಸದೇನಲ್ಲ. ಸುಮಾರು ನೂರು ವರ್ಷದ ಹಿಂದೆಯೇ ಫ್ರಾನ್ಸ್‌ನಲ್ಲಿ ಎಮಿಲ್ ಕುಎ ಅಂತ ಒಬ್ಬರಿದ್ದರು. ಔಷಧಿ ಅಂಗಡಿ ನಡೆಸುತ್ತಿದ್ದವರು. ‘ದಿನದಿನಕ್ಕೂ, ಎಲ್ಲ ರೀತಿಯಲ್ಲೂ, ನಾನು ಸುಧಾರಿಸುತ್ತಿದ್ದೇನೆ’ ಅಂತ ಹೇಳಿಕೊಳ್ಳಲು ಜನರಿಗೆ ಕಲಿಸುತ್ತಿದ್ದರು. ಆ ವಾಕ್ಯ ಯುರೋಪು, ಅಮೆರಿಕಗಳಲ್ಲೆಲ್ಲ ಹರಡಿತ್ತು.

ಇಂಥ ವಾಕ್ಯದಿಂದ ನಿಜಕ್ಕೂ ಏನಾಗುತ್ತದೆ ಅಂತ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಜೋಆನ್ ವುಡ್ ಮತ್ತು ಸಂಗಡಿಗರು ಪರೀಕ್ಷೆ ಮಾಡಿ ನೋಡಿದರು. 2009ರಲ್ಲಿ ಪ್ರಕಟವಾಯಿತು. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇದ್ದವರು, ಕೀಳರಿಮೆ ಇದ್ದವರು, ಎರಡೂ ಬಗೆಯವರು ಆ ಪರೀಕ್ಷೆಯಲ್ಲಿದ್ದರು. ಮನಸ್ಸಿಗೆ ಬಂದದ್ದನ್ನು ಬರೆಯುತ್ತಾ ಹೋಗಬೇಕು. ಮಧ್ಯೆ ಮಧ್ಯೆ ಗಂಟೆ ಬಾರಿಸಿದಾಗ ಕೆಲವರು ‘ನಾನು ಪ್ರೀತಿಗೆ ಅರ್ಹ ವ್ಯಕ್ತಿ’ ಅಂತ ಹೇಳಿಕೊಳ್ಳಬೇಕು. ಮೊದಲೇ ಆತ್ಮವಿಶ್ವಾಸ ಇದ್ದವರಿಗೆ ಸ್ವಲ್ಪ ಹಿತವಾಯಿತು. ಕೀಳರಿಮೆ ಇದ್ದವರಿಗೆ, ಆ ವಾಕ್ಯ ಹೇಳದೇ ಇದ್ದವರಿಗಿಂತ ಕೆಟ್ಟದೆನಿಸಿತು. ಯಾರಿಗೆ ಬೇಕಿತ್ತೋ ಅವರಿಗೇ ಪೆಟ್ಟಾಯಿತು.

ಇವರು ಖಿನ್ನತೆಯ ರೋಗಿಗಳಲ್ಲ, ಅದನ್ನು ಹೇಳಲೇಬೇಕು. ಆದರೂ ನನ್ನ ನೋಟ್‌ಬುಕ್ಕಿನ ಅಕ್ಕನಿಗೆ ಆದದ್ದು ಇದೇ ಅಂತ ನನಗೆ ಅನ್ನಿಸುತ್ತದೆ. ‘ನಾನು ಸಂತೋಷವಾಗಿದ್ದೇನೆ’ ಅಂತ ಪೆನ್ನು ಬರೆಯುತ್ತದೆ. ಒಳಗಿನಿಂದ ‘ಸುಳ್ಳು’ ಅನ್ನುವ ದನಿ ಬರುತ್ತದೆ. ದಿನಕ್ಕೆ 21 ಸಲ ಬರೆದರೆ 21 ಸಲವೂ ಆ ದನಿಯನ್ನು ಕೇಳಿಸಿಕೊಳ್ಳಬೇಕು.

ಗೇಬ್ರಿಯೆಲ್ ಎಟಿಂಗನ್ ಅನ್ನುವ ಮನಶ್ಶಾಸ್ತ್ರಜ್ಞೆಯೂ ಇದರ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಮುಂದೆ ಎಲ್ಲ ಚೆನ್ನಾಗಿ ಆಗಿಬಿಟ್ಟಿದೆ ಅಂತ ಕಲ್ಪಿಸಿಕೊಳ್ಳುವವರಲ್ಲಿ ಆ ಹೊತ್ತಿಗೆ ಖಿನ್ನತೆಯ ಲಕ್ಷಣ ಕಡಿಮೆ ಕಂಡಿತು. ಸ್ವಲ್ಪ ಕಾಲ ಬಿಟ್ಟು ಮತ್ತೆ ನೋಡಿದಾಗ ಅವರಲ್ಲೇ ಜಾಸ್ತಿ ಇತ್ತು. 2016ರ ಅಧ್ಯಯನ ಇದು. ಹಗಲುಗನಸಿನ ಹಿತ ಆ ಗಳಿಗೆಗೆ ಮಾತ್ರ ಅಂತಾಯಿತು.

ಹಾಗಾದರೆ ಯೋಚನೆಯನ್ನು ಏನು ಮಾಡಬೇಕು?

1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರನ್ ಬೆಕ್ ಅನ್ನುವ ಮನೋವೈದ್ಯರು ಒಂದು ವಿಷಯ ಗಮನಿಸಿದರು. ಖಿನ್ನತೆ ಇರುವವರ ತಲೆಯಲ್ಲಿ ಕೆಲವು ಯೋಚನೆಗಳು ತಾವಾಗಿ, ತಟಕ್ಕನೆ ಹಾದುಹೋಗುತ್ತಿರುತ್ತವೆ. ನಾನು ಕೆಲಸಕ್ಕೆ ಬಾರದವನು. ಸುತ್ತ ಇರುವುದೆಲ್ಲ ಕೆಟ್ಟದ್ದು. ಮುಂದೆಯೂ ಹೀಗೇ. ತನ್ನ ಬಗ್ಗೆ, ಲೋಕದ ಬಗ್ಗೆ, ಮುಂದಿನ ದಿನಗಳ ಬಗ್ಗೆ, ಹೀಗೆ ಮೂರೂ ಕಡೆ ಕತ್ತಲೆ. ಅವರು ಕಟ್ಟಿದ ಚಿಕಿತ್ಸೆಯೇ ಇವತ್ತು ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಯೋಚನೆ, ನಡವಳಿಕೆಗಳನ್ನು ಹಿಡಿದು ಮಾಡುವ ಮಾತಿನ ಚಿಕಿತ್ಸೆ) ಅಂತ ಹೆಸರಾಗಿರುವ ಪದ್ಧತಿಗೆ ಬುನಾದಿ. ಬಹಳ ಜನ ಇದನ್ನೂ ಪಾಸಿಟಿವ್ ಥಿಂಕಿಂಗ್ ಅಂತಲೇ ತಿಳಿದುಕೊಂಡಿದ್ದಾರೆ. ಅಲ್ಲ. ಇಲ್ಲಿ ಕೆಟ್ಟ ಯೋಚನೆ ಕಿತ್ತು ಒಳ್ಳೆ ಯೋಚನೆ ನೆಡುವುದಿಲ್ಲ. ಬಂದ ಯೋಚನೆ ನಿಜವಾ ಅಂತ ಕೂತು ವಿಚಾರಿಸುತ್ತೇವೆ.

ಹೇಗೆ ಅಂತ ತೋರಿಸುತ್ತೇನೆ. ಅದೇ ಅಕ್ಕ ಒಂದು ದಿನ ಬಂದವರೇ ‘ನಾನು ಕೆಟ್ಟ ತಾಯಿ’ ಅಂದರು. ‘ಯಾಕೆ ಹಾಗನ್ನಿಸಿತು?’ ‘ಮಗಳಿಗೆ ಊಟದ ಡಬ್ಬಿ ಕಟ್ಟೋಕಾಗ್ಲಿಲ್ಲ.’ ನಾನು ‘ಇಲ್ಲ, ನೀವು ಒಳ್ಳೆ ತಾಯಿ’ ಅನ್ನಲಿಲ್ಲ. ಅಂದಿದ್ದರೂ ಅವರು ನಂಬುತ್ತಿರಲಿಲ್ಲ. ‘ಈ ವಾರ ಯಾವ ಯಾವ ದಿನ ಕಟ್ಟಲಿಕ್ಕೆ ಆಗಲಿಲ್ಲ?’ ಅಂತ ಕೇಳಿದೆ. ಬೆರಳು ಮಡಚಿ ಎಣಿಸಿದರು. ಸೋಮವಾರ ಚಿತ್ರಾನ್ನ. ಮಂಗಳವಾರ ಆಗಲಿಲ್ಲ. ಬುಧವಾರ ಚಪಾತಿ. ಗುರುವಾರ ಆಗಲಿಲ್ಲ. ಶುಕ್ರವಾರ ಮೊಸರನ್ನ, ಶನಿವಾರ ಅವಲಕ್ಕಿ. ಆರು ದಿನದಲ್ಲಿ ನಾಲ್ಕು ದಿನ ಕಟ್ಟಿದ್ದರು. ಉಳಿದೆರಡು ದಿನ? ‘ಅತ್ತೆ ಕಟ್ಟಿದ್ರು.’ ಮಗಳು ಉಪವಾಸ ಇದ್ದಳಾ? ‘ಇಲ್ಲ.’ ಸರಿ, ಈಗ ವಾಕ್ಯ ಬರೆಯಿರಿ ಅಂದೆ. ಅವರು ಬರೆದದ್ದು: ‘ಹುಷಾರಿಲ್ಲದಿದ್ದರೂ ನಾಲ್ಕು ದಿನ ಡಬ್ಬಿ ಕಟ್ಟಿದೆ. ಎರಡು ದಿನ ಅತ್ತೆ ಸಹಾಯ ಮಾಡಿದರು.’

ಇದರಲ್ಲಿ ಸಂತೋಷ, ಸುಂದರ ಅನ್ನುವ ಒಂದು ಪದವೂ ಇಲ್ಲ. ಆದರೆ ಒಳಗಿನಿಂದ ಸುಳ್ಳು ಅನ್ನುವ ದನಿ ಏಳಲಿಲ್ಲ. ಅವರೇ ಎಣಿಸಿದ ಲೆಕ್ಕ ಅಲ್ವಾ?

ದಿನದ ಕೊನೆಗೆ ನಡೆದ ಮೂರು ಒಳ್ಳೆಯ ಸಂಗತಿ, ಅವು ಯಾಕೆ ನಡೆದವು ಅಂತ ಬರೆಯುವ ಅಭ್ಯಾಸ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅಮೆರಿಕದ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರಿಂದ ಕುಗ್ಗಿದ ಮನಸ್ಸಿಗೆ ಆರು ತಿಂಗಳವರೆಗೂ ಉಪಯೋಗ ಕಂಡಿತ್ತು. ಖಿನ್ನತೆ ತೀವ್ರವಾಗಿಲ್ಲದವರಿಗೆ, ಚೇತರಿಸಿಕೊಳ್ಳುತ್ತಿರುವವರಿಗೆ ನಾನೂ ಹೇಳುತ್ತೇನೆ. ಇಲ್ಲೂ ನಡೆದದ್ದನ್ನೇ ಬರೆಯುವುದು, ನಡೆಯದ್ದನ್ನಲ್ಲ.

ಈಗ ನನಗೆ ತುಂಬ ಮುಖ್ಯ ಅನ್ನಿಸುವ ವಿಷಯ. ಮನಸ್ಸು ಬಂದ ಮೇಲೆ ಕೆಲಸ ಮಾಡೋಣ ಅಂತ ನಾವೆಲ್ಲ ಕಾಯುತ್ತೇವೆ. ಖಿನ್ನತೆಯಲ್ಲಿ ಹಾಗೆ ಕಾಯುತ್ತಾ ಕೂತರೆ ಮನಸ್ಸು ಬರುವುದೇ ಇಲ್ಲ. ಕೆಲಸ ಬಿಟ್ಟಷ್ಟೂ ಖುಷಿ ಕೊಡುವ ಸಂಗತಿಗಳು ದೂರ ಆಗುತ್ತವೆ. ಅವು ದೂರ ಆದಷ್ಟೂ ಮನಸ್ಸು ಇನ್ನೂ ಕುಗ್ಗುತ್ತದೆ. ಇದನ್ನು ತಿರುಗಿಸಬೇಕು. ಮನಸ್ಸು ಬರದಿದ್ದರೂ ಒಂದು ಚಿಕ್ಕ ಕೆಲಸ, ಗೊತ್ತಾದ ಹೊತ್ತಿಗೆ, ದಿನಾ. ಮಾಡ್ತಾ ಮಾಡ್ತಾ ಮನಸ್ಸು ಹಿಂದಿನಿಂದ ಬರುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ ನಮ್ಮ ಪಕ್ಕದ ಗೋವಾದಲ್ಲೇ ಇದೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ಜೋರಾಗಿದ್ದ 493 ಜನರ ಜೊತೆ ಒಂದು ಪ್ರಯೋಗ ಮಾಡಿದರು. ಚಿಕಿತ್ಸೆ ಕೊಟ್ಟವರು ಡಾಕ್ಟರುಗಳಲ್ಲ. ತರಬೇತಿ ಪಡೆದ ಸಾಮಾನ್ಯ ಜನ. ಆರರಿಂದ ಎಂಟು ಸಲ ಭೇಟಿಯಾಗಿ, ಯಾವ ಯಾವ ಕೆಲಸ ಬಿಟ್ಟುಹೋಗಿದೆ ಅಂತ ವಿಚಾರಿಸಿ, ಒಂದೊಂದನ್ನೇ ಮತ್ತೆ ಶುರು ಮಾಡಿಸಿದರು. ಮೂರು ತಿಂಗಳ ನಂತರ ನೋಡಿದಾಗ ಈ ಚಿಕಿತ್ಸೆ ಪಡೆದವರಲ್ಲಿ 64% ಜನರ ಖಿನ್ನತೆ ಇಳಿದಿತ್ತು. ಮಾಮೂಲಿ ಉಪಚಾರ ಮಾತ್ರ ಪಡೆದವರಲ್ಲಿ 39%. 2017ರಲ್ಲಿ ಪ್ರಕಟವಾದ ಲೆಕ್ಕ ಇದು. ನನಗೆ ಇದನ್ನು ಓದಿದಾಗ ಆದ ಸಂತೋಷ ಅಷ್ಟಿಷ್ಟಲ್ಲ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೇ ಹೋಗಬೇಕಾಗಿಲ್ಲ, ನಮ್ಮಂಥ ಊರುಗಳಲ್ಲೂ ಆಗುತ್ತದೆ ಅಂತ.

ಆ ಅಕ್ಕನಿಗೆ ಮೊದಲು ಏನು ಇಷ್ಟ ಇತ್ತು ಅಂತ ಕೇಳಿದ್ದೆ. ಬಹಳ ಹೊತ್ತು ಸುಮ್ಮನಿದ್ದು ‘ರಂಗೋಲಿ ಬಿಡ್ತಿದ್ದೆ’ ಅಂದರು. 15 ಚುಕ್ಕಿ ಇಟ್ಟು, 8ರವರೆಗೆ ಇಳಿಸಿ ಬಿಡುತ್ತಿದ್ದ ದೊಡ್ಡ ರಂಗೋಲಿ. ಬೀದಿಯವರು ನಿಂತು ನೋಡುತ್ತಿದ್ದರಂತೆ. ಐದು ತಿಂಗಳಿಂದ ಬಾಗಿಲ ಮುಂದೆ ಅತ್ತೆ ಸ್ಟಿಕ್ಕರ್ ಅಂಟಿಸಿದ್ದರು.

ಮೊದಲ ವಾರ ರಂಗೋಲಿ ಬೇಡ ಅಂದೆ. ಬಾಗಿಲಿಗೆ ಒಂದು ಚೊಂಬು ನೀರು ಹಾಕಿ ಒಳಗೆ ಬನ್ನಿ, ಅಷ್ಟೇ. ಏಳು ದಿನದಲ್ಲಿ ಮೂರು ದಿನ ಹಾಕಿದರು. ಎರಡನೇ ವಾರ ಐದು ದಿನ. ಮೂರನೇ ವಾರ ಮೂರು ಚುಕ್ಕಿ ಇಟ್ಟು ಸುತ್ತ ಒಂದು ಎಳೆ. ‘ಖುಷಿ ಏನೂ ಆಗ್ಲಿಲ್ಲ ಮೇಡಂ’ ಅಂದರು. ಆಗಬೇಕಾಗಿಲ್ಲ, ಮಾಡಿದ್ದಷ್ಟೇ ಬರೆದಿಡಿ ಅಂದೆ. ಅದೇ ನೋಟ್‌ಬುಕ್ಕನ್ನು ತಲೆಕೆಳಗು ಮಾಡಿ ಹಿಂದಿನ ಪುಟದಿಂದ ಬರೆಯಲು ಶುರು ಮಾಡಿದರು. ಒಂದು ದಿನದ ಪುಟದಲ್ಲಿ ಹೀಗಿತ್ತು: ‘ಏಳು ಚುಕ್ಕಿ. ಒಂದು ಎಳೆ ತಪ್ಪಿತು. ಪಕ್ಕದ ಮನೆಯವರು ಮಾತಾಡಿಸಿದರು.’

ರಂಗೋಲಿಯಿಂದಲೇ ಗುಣ ಆದರು ಅಂತ ದಯವಿಟ್ಟು ತಿಳಿದುಕೊಳ್ಳಬೇಡಿ. ಮೊದಲ ಭೇಟಿಯಲ್ಲೇ ಅವರನ್ನು ಮನೋವೈದ್ಯರ ಹತ್ತಿರ ಕಳಿಸಿದ್ದೆ. ರಕ್ತ ಪರೀಕ್ಷೆ ಆಯಿತು. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆ ಇದ್ದರೂ ಇಂಥದೇ ಸುಸ್ತು, ಮಂಕು ಬರುತ್ತದೆ. ಅದನ್ನು ನೋಡದೆ ಮುಂದೆ ಹೋಗಬಾರದು. ಅವರಿಗೆ ಮಾತ್ರೆಯೂ ಬೇಕಾಯಿತು. ಎಲ್ಲರಿಗೂ ಬೇಕಾಗುವುದಿಲ್ಲ. ಹಗುರವಾದ ಖಿನ್ನತೆಗೆ ಎಷ್ಟೋ ಸಲ ಮಾತಿನ ಚಿಕಿತ್ಸೆಯೇ ಸಾಕು. ಆದರೆ ಬೇಕಾದವರು ಹೆದರಿ ಬಿಡಬಾರದು. ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಶುರುವಿನಲ್ಲಿ ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಆ ಎರಡು ವಾರದಲ್ಲೇ ಬಿಟ್ಟುಬಿಡುವವರು ಬಹಳ. ಇನ್ನು ಕೆಲವರು ಸ್ವಲ್ಪ ಗೆಲುವಾದ ಕೂಡಲೇ ನಿಲ್ಲಿಸುತ್ತಾರೆ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ. ನಿಲ್ಲಿಸುವುದಾದರೆ ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ.

ನಿಮ್ಹಾನ್ಸ್‌ನವರು 2015–16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿದ್ದರು. ವಯಸ್ಕರಲ್ಲಿ 20 ಜನರಿಗೆ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಖಿನ್ನತೆ ಅನುಭವಿಸಿರುತ್ತಾರೆ ಅಂತ ಅದರಲ್ಲಿ ಕಂಡಿತು. ಖಿನ್ನತೆ ಇದ್ದವರಲ್ಲಿ 100ಕ್ಕೆ ಸುಮಾರು 85 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಈ ಸಭೆಯಲ್ಲಿ ಅರವತ್ತು ಜನ ಇದ್ದೇವೆ. ಲೆಕ್ಕ ನೀವೇ ಹಾಕಿಕೊಳ್ಳಿ. ಆ 85 ಜನರಿಗೆ ಬುದ್ಧಿಮಾತು ಮಾತ್ರ ಧಾರಾಳವಾಗಿ ಸಿಕ್ಕಿರುತ್ತದೆ. ‘ಧೈರ್ಯ ತಗೋ’ ಅಂದವರು ಆಸ್ಪತ್ರೆಗೆ ಜೊತೆಯಲ್ಲಿ ಹೋಗಿದ್ದರೆ ಎಷ್ಟು ಒಳ್ಳೆಯದಿತ್ತು.

ಪ್ರಶ್ನೆಗಳ ಹೊತ್ತಿನಲ್ಲಿ ಕಾಲೇಜಿನ ಉಪನ್ಯಾಸಕರೊಬ್ಬರು ಕೇಳಿದರು: ‘ಹಾಗಾದ್ರೆ ಮಕ್ಕಳಿಗೆ ಪ್ರೋತ್ಸಾಹದ ಮಾತು ಆಡಲೇಬಾರದಾ ಮೇಡಂ?’ ಖಂಡಿತ ಆಡಿ ಸರ್. ಪರೀಕ್ಷೆ ಭಯ ಇರುವ ಮಗುವಿಗೆ ನಿಮ್ಮ ಒಂದು ಮಾತು ದೊಡ್ಡ ಬಲ. ಆದರೆ ಚೆನ್ನಾಗಿ ಓದುತ್ತಿದ್ದ ಹುಡುಗಿ ವಾರಗಟ್ಟಲೆ ಮಂಕಾಗಿದ್ದರೆ, ಗೆಳತಿಯರನ್ನು ಬಿಟ್ಟು ಒಬ್ಬಳೇ ಕೂರುತ್ತಿದ್ದರೆ, ಅವಳಿಗೆ ಭಾಷಣ ಮಾಡಬೇಡಿ. ‘ಹೇಗಿದ್ದೀಯಮ್ಮ, ನಿದ್ದೆ ಬರ್ತಿದೆಯಾ?’ ಅಂತ ಕೇಳಿ, ಅವಳು ಹೇಳುವುದನ್ನು ಕೇಳಿಸಿಕೊಳ್ಳಿ.

ಭಜನೆ, ಯೋಗ, ದೇವಸ್ಥಾನದಿಂದ ಉಪಯೋಗ ಇಲ್ಲವಾ ಅಂತ ಇನ್ನೊಬ್ಬರು ಕೇಳಿದರು. ನಾಲ್ಕು ಜನರ ಜೊತೆ ಸೇರುವುದು, ಮೈ ಅಲ್ಲಾಡಿಸುವುದು, ಎರಡೂ ಒಳ್ಳೆಯದು. ಹೋಗಿ. ಮಾತ್ರೆ ಬಿಟ್ಟು ಹೋಗಬೇಡಿ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಮೈಕ್ ತೆಗೆದುಕೊಳ್ಳಲಿಲ್ಲ. ಸಭೆ ಮುಗಿದ ಮೇಲೆ ಕಂಬದ ಹತ್ತಿರ ಬಂದು ನಿಂತರು. ‘ಪಾಸಿಟಿವ್ ಆಗಿರು ಅನ್ನಬಾರದು ಅಂದ್ರಿ. ಮತ್ತೆ ಮಗನಿಗೆ ಏನು ಹೇಳಲಿ?’

ಕಡಿಮೆ ಹೇಳಿ ಅಂದೆ. ಪಕ್ಕದಲ್ಲಿ ಕೂತುಕೊಳ್ಳಿ. ‘ನಿನಗೆ ಕಷ್ಟ ಆಗ್ತಿದೆ ಅಂತ ಗೊತ್ತಾಗ್ತಿದೆ ಕಂದ, ನಾನು ಇಲ್ಲೇ ಇದ್ದೀನಿ’ ಅನ್ನಿ. ‘ಊಟ ಮಾಡು’ ಅನ್ನುವ ಬದಲು ಎರಡು ತುತ್ತು ಕಲಸಿ ಮುಂದಿಡಿ. ‘ಡಾಕ್ಟರ ಹತ್ರ ಹೋಗು’ ಅನ್ನುವ ಬದಲು ‘ನಾಳೆ ಹೋಗೋಣ, ನಾನೂ ಬರ್ತೀನಿ’ ಅನ್ನಿ. ಸಾಯುವ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೇಳಿಕೊಳ್ಳಲು ಒಬ್ಬರು ಸಿಕ್ಕಿದರು ಅಂತ ಎಷ್ಟೋ ಜನ ಅತ್ತುಬಿಡುತ್ತಾರೆ. ಬರ್ತಿದೆ ಅಂದರೆ ಒಬ್ಬನನ್ನೇ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಹೊಲದ ಔಷಧಿ ಎಲ್ಲ ಬೀಗದೊಳಗೆ ಹೋಗಲಿ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ರಾತ್ರಿ ಹೊತ್ತು ಏನೂ ತೋಚದಿದ್ದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ. 2022ರಲ್ಲಿ ಸರ್ಕಾರ ಶುರು ಮಾಡಿದ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಮಗ ಮಾತಾಡದಿದ್ದರೆ ನೀವೇ ಮಾತಾಡಬಹುದು.

ಅವರು ಪರ್ಸಿನಿಂದ ಬಸ್ಸಿನ ಶೂನ್ಯ ಟಿಕೆಟ್ ತೆಗೆದು ತಿರುಗಿಸಿದರು. ನನ್ನ ಪೆನ್ನು ಕೇಳಿ ತೆಗೆದುಕೊಂಡು ಅದರ ಹಿಂದೆ ನಂಬರ್ ಬರೆದರು. ಸರಿಯಾಗಿದೆಯಾ ನೋಡಿ ಅಂತ ಟಿಕೆಟ್ ನನ್ನ ಕೈಗೆ ಕೊಟ್ಟರು. ಸರಿಯಾಗಿಯೇ ಇತ್ತು: 14416.